ಅಜಾಕ್ಸನಿಗೆ ಆರಡಿ ನೆಲ

ಗ್ರೀಕ್ ನಾಟಕವೊಂದರ ಕುರಿತು ಈ ಅಂಕಣದಲ್ಲಿ ಬರೆಯಬೇಕಾದೀತೆಂದು ನಾವು ಎಣಿಸಿರಲಿಲ್ಲ. ನಮ್ಮ ಧರ್ಮಕೇಂದ್ರದ ಕುಟುಂಬವೊಂದರ ಮಗಳು ಅಮೆರಿಕದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಯುದ್ಧರಂಗದಿಂದ ಮರಳಿದ ಸೈನಿಕರ ಶುಶ್ರೂಷೆಯೂ ಆಕೆಯ ಕೆಲಸದ ಒಂದು ಭಾಗ. ರಜೆಯಲ್ಲಿ ಊರಿಗೆ ಬಂದಿದ್ದಾಗ ತೆಳ್ಳನೆಯ ಪುಸ್ತಕವೊಂದನ್ನು ನಮ್ಮ ಕೈಗಿತ್ತು, "ಸ್ವಾಮಿ, ನೀವು ಗುರುಮಠದಲ್ಲಿ ಗ್ರೀಕರನ್ನು ಓದಿದವರು. ಇದನ್ನು ಓದಿ ನಮ್ಮಮ್ಮನಿಗೆ ತಿಳಿಯುವ ಹಾಗೆ ಹೇಳಿ. ನಾನು ದಿನಾ ಎಂಥವರ ಜೊತೆ ಇರುತ್ತೇನೆ ಅಂತ ಅವರಿಗೆ ಗೊತ್ತಾಗಲಿ" ಎಂದು ಕೇಳಿಕೊಂಡಳು. ಆ ತಾಯಿಗೆ ಹೇಳಹೊರಟದ್ದೇ ಬೆಳೆದು ಈ ಲೇಖನವಾಗಿದೆ.

ಪುಸ್ತಕದ ಹೆಸರು 'ಅಜಾಕ್ಸ್ ಇನ್ ಇರಾಕ್'. ಬರೆದವರು ಎಲೆನ್ ಮೆಕ್‌ಲಾಫ್ಲಿನ್ ಎಂಬ ಅಮೆರಿಕದ ನಟಿ ಹಾಗೂ ನಾಟಕಕಾರ್ತಿ. 2011ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಬಂದ ಕೃತಿಯನ್ನು ಹೊಸ ನಾಟಕವೆಂದು ಕರೆಯಬಹುದೇ ಎಂದು ಯಾರಾದರೂ ಕೇಳಬಹುದು. ಇದರ ಮೂಲಕ್ಕೆ ಹೆಚ್ಚುಕಡಿಮೆ 2,450 ವರ್ಷಗಳ ವಯಸ್ಸಾಗಿರುವುದರಿಂದ ಹಾಗೆ ಕರೆಯಲು ಅಡ್ಡಿಯಿಲ್ಲವೆಂದು ನಮ್ಮ ಎಣಿಕೆ.

ಮೂಲವನ್ನು ಬರೆದವನು ಅಥೆನ್ಸಿನ ಸೊಫೋಕ್ಲೀಸ್. ಕತೆ ಟ್ರಾಯ್ ನಗರದ ಮುತ್ತಿಗೆಯ ಕಾಲದ್ದು. ಗ್ರೀಕರ ಪಡೆಯಲ್ಲಿ ಅಕಿಲೀಸನ ತರುವಾಯ ಎರಡನೆಯ ವೀರನೆಂದರೆ ಸಲಾಮಿಸ್ ದ್ವೀಪದ ಅಜಾಕ್ಸ್. ಅಕಿಲೀಸನು ಮಡಿದಾಗ ಅವನ ಶವವು ಶತ್ರುಗಳ ಪಾಲಾಗದಂತೆ ಹೆಗಲ ಮೇಲೆ ಹೊತ್ತು ತಂದವನು ಇವನೇ ಎಂದು ಪರಂಪರೆ ಹೇಳುತ್ತದೆ. ಆದರೆ ಅಕಿಲೀಸನ ಆಯುಧಗಳು ಯಾರಿಗೆ ಸಲ್ಲಬೇಕೆಂಬ ತೀರ್ಪಿನಲ್ಲಿ ಗೆದ್ದವನು ಮಾತಿನ ಮಲ್ಲ ಒಡಿಸ್ಸಿಯಸ್. ಹತ್ತು ವರ್ಷ ಬೆವರು ನೆತ್ತರು ಸುರಿಸಿದವನಿಗೆ ಈ ಅವಮಾನ ತಡೆಯಲಾಗಲಿಲ್ಲ. ತನ್ನ ದಂಡನಾಯಕರನ್ನೇ ಮುಗಿಸಿಬಿಡುವೆನೆಂದು ರಾತ್ರಿಯಲ್ಲಿ ಖಡ್ಗ ಹಿಡಿದು ಹೊರಟ. ಅಥೀನಾ ದೇವತೆ ಅವನ ಕಣ್ಣಿಗೆ ಮಂಕು ಕವಿಸಿದಳು. ಅವನು ಕಡಿದದ್ದು ಗ್ರೀಕರು ಕೊಳ್ಳೆ ಹೊಡೆದು ತಂದಿದ್ದ ದನಕುರಿಗಳನ್ನೂ ಅವುಗಳನ್ನು ಕಾಯುತ್ತಿದ್ದವರನ್ನೂ. ಬೆಳಗಾಗಿ ಭ್ರಮೆ ಹರಿದಾಗ, ಸತ್ತ ಪ್ರಾಣಿಗಳ ರಾಶಿಯ ನಡುವೆ ಕುಳಿತಿದ್ದಾನೆ. ಪಡೆಗೆ ಪಡೆಯೇ ತನ್ನನ್ನು ನೋಡಿ ನಗುತ್ತದೆಂದು ಅವನಿಗೆ ಗೊತ್ತು. ಅಂದೇ ಕಡಲತೀರಕ್ಕೆ ಹೋಗಿ ತನ್ನ ಖಡ್ಗದ ಮೇಲೆಯೇ ಬಿದ್ದು ಪ್ರಾಣ ಬಿಡುತ್ತಾನೆ.

ಕನ್ನಡಿಗರಿಗೆ ಈ ಕತೆ ತೀರ ಅಪರಿಚಿತವೇನೂ ಅಲ್ಲ. ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಇದೇ ನಾಟಕದ ಹಂದರದ ಮೇಲೆ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿ 'ಅಶ್ವತ್ಥಾಮನ್' ಎಂಬ ರುದ್ರನಾಟಕವನ್ನು ರಚಿಸಿದರು. ಚಿರಂಜೀವಿಯೆಂದು ಪುರಾಣವೇ ಸಾರಿದವನನ್ನು ತನ್ನ ಕೈಯಿಂದ ತಾನೇ ಸಾಯುವಂತೆ ಮಾಡಿದ್ದು ಸರಿಯೇ ಎಂದು ಪಂಡಿತರಲ್ಲಿ ಚರ್ಚೆಯಾಯಿತು. ನಮಗೆ ಮುಖ್ಯವೆನಿಸುವುದು ಬೇರೊಂದು ವ್ಯತ್ಯಾಸ. ಅಜಾಕ್ಸ್ ರಾತ್ರಿಯಲ್ಲಿ ಕಡಿದದ್ದು ಹೆಚ್ಚಾಗಿ ದನಕುರಿಗಳನ್ನು. ಭಾರತದ ಅಶ್ವತ್ಥಾಮ ರಾತ್ರಿಯಲ್ಲಿ ಕೊಂದದ್ದು ಮಲಗಿದ್ದ ಮನುಷ್ಯರನ್ನು, ಅವರಲ್ಲಿ ದ್ರೌಪದಿಯ ಐವರು ಮಕ್ಕಳೂ ಇದ್ದರು. ಗ್ರೀಕ್ ಕವಿ ತನ್ನ ನಾಯಕನನ್ನು ಆ ಪಾತಕದಿಂದ ಉಳಿಸಿದ, ಆದರೆ ನಾಚಿಕೆಯಿಂದ ಉಳಿಸಲಿಲ್ಲ. ಶ್ರೀಯವರು 1935ರಲ್ಲಿ ಈಸ್ಕಿಲಸನ ಯುದ್ಧನಾಟಕವನ್ನೂ 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಇವೆರಡನ್ನೂ ಹಳೆಯ ಗ್ರಂಥಾಲಯಗಳ ಕಪಾಟಿನಿಂದ ಹೊರತೆಗೆದು ಓದುವವರು ಇಂದು ವಿರಳ.

ಸೊಫೋಕ್ಲೀಸನು ಬರಿಯ ಕವಿಯಲ್ಲ. ಕ್ರಿ.ಪೂ. 441ರಲ್ಲಿ ಅಥೆನ್ಸಿನ ಜನ ಅವನನ್ನು ದಂಡನಾಯಕರಲ್ಲಿ ಒಬ್ಬನನ್ನಾಗಿ ಆರಿಸಿದರು. ಪೆರಿಕ್ಲೀಸನೊಡನೆ ಸಾಮೊಸ್ ದ್ವೀಪದ ದಂಡಯಾತ್ರೆಯ ಹೊಣೆ ಹೊತ್ತವನು ಅವನು. ಅವನ ನಾಟಕಗಳನ್ನು ನೋಡಲು ಸೇರುತ್ತಿದ್ದ ಸಾವಿರಾರು ಪುರುಷರಲ್ಲಿ ಈಟಿ ಹಿಡಿಯದವರು, ದೋಣಿಯ ಹುಟ್ಟು ಹಾಕದವರು ಎಷ್ಟು ಮಂದಿ ಇದ್ದಾರು! ನಾಟಕೋತ್ಸವದ ಆರಂಭದಲ್ಲಿ, ತಂದೆಯರನ್ನು ಯುದ್ಧದಲ್ಲಿ ಕಳೆದುಕೊಂಡು ನಗರದ ಖರ್ಚಿನಲ್ಲಿ ಬೆಳೆದ ಮಕ್ಕಳನ್ನು ಪ್ರೇಕ್ಷಕರ ಮುಂದೆ ಮೆರವಣಿಗೆಯಲ್ಲಿ ಕರೆತರುತ್ತಿದ್ದರು. ಅಜಾಕ್ಸನಾದರೋ ಅವರಿಗೆ ದೂರದ ಕಥಾಪಾತ್ರವಲ್ಲ. ಅಥೆನ್ಸಿನ ಹತ್ತು ಕುಲಗಳಲ್ಲಿ ಒಂದಕ್ಕೆ ಅವನದೇ ಹೆಸರು. ಕ್ರಿ.ಪೂ. 480ರ ಸಲಾಮಿಸ್ ಕದನಕ್ಕೆ ಮುನ್ನ ನೆರವಿಗೆ ಬಾರೆಂದು ಅವರು ಪ್ರಾರ್ಥಿಸಿದ್ದು ಇವನನ್ನೇ. ಹೀಗೆ ತಾವು ಪೂಜಿಸುತ್ತಿದ್ದ ವೀರನು ಬುದ್ಧಿಭ್ರಮಣೆಗೊಳಗಾಗಿ, ನಾಚಿ, ತನ್ನನ್ನೇ ಕೊಂದುಕೊಳ್ಳುವುದನ್ನು ಆ ಸೈನಿಕರು ಹಗಲು ಬೆಳಕಿನಲ್ಲಿ ಒಟ್ಟಿಗೆ ಕುಳಿತು ನೋಡಿದರು.

ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಅರಿಸ್ಟಾಟಲನ 'ಕಾವ್ಯಮೀಮಾಂಸೆ'ಯನ್ನು ಓದಿದ್ದುಂಟು. ರುದ್ರನಾಟಕವು ಕರುಣೆ ಮತ್ತು ಭಯಗಳನ್ನು ಎಬ್ಬಿಸಿ ಮನಸ್ಸನ್ನು ತಿಳಿಗೊಳಿಸುತ್ತದೆಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕವನ್ನೂ ಪಡೆದೆವು. ಯಾರ ಕರುಣೆ, ಯಾರ ಭಯ ಎಂದು ಆಗ ಕೇಳಿಕೊಳ್ಳಲಿಲ್ಲ.

ಈ ಪ್ರಶ್ನೆಯನ್ನು ಮುಂದಿಟ್ಟವರಲ್ಲಿ ಬಾಸ್ಟನ್ನಿನ ಮನೋವೈದ್ಯ ಜೊನಾಥನ್ ಶೇ ಪ್ರಮುಖರು. ವಿಯೆಟ್ನಾಂ ಯುದ್ಧದಿಂದ ಮರಳಿ ದಶಕಗಳು ಕಳೆದರೂ ನಿದ್ದೆಯಿಲ್ಲದೆ, ಮನೆಯವರೊಡನೆ ಬಾಳಲಾರದೆ ತೊಳಲುತ್ತಿದ್ದವರಿಗೆ ಚಿಕಿತ್ಸೆ ನೀಡುತ್ತಿದ್ದ ಅವರಿಗೆ, ಹೋಮರನ ಅಕಿಲೀಸನ ಮಾತುಗಳೇ ತಮ್ಮ ರೋಗಿಗಳ ಬಾಯಿಂದ ಬರುತ್ತಿರುವಂತೆ ತೋರಿತು. 1994ರಲ್ಲಿ 'ವಿಯೆಟ್ನಾಮಿನಲ್ಲಿ ಅಕಿಲೀಸ್' ಎಂಬ ಅರ್ಥದ ಹೆಸರಿನ ಗ್ರಂಥವನ್ನು ಬರೆದರು. ಸೈನಿಕನನ್ನು ಮುರಿಯುವುದು ಕೇವಲ ಭಯವಲ್ಲ, ಕೇವಲ ಸಾವಿನ ದರ್ಶನವೂ ಅಲ್ಲ. ನ್ಯಾಯವಾಗಿ ನಡೆಸಿಕೊಳ್ಳಬೇಕಾದ ಮೇಲಿನವರೇ ಮಾಡುವ ದ್ರೋಹ ಅವನನ್ನು ಒಳಗಿನಿಂದ ಕೊರೆಯುತ್ತದೆ ಎಂಬುದು ಅವರ ಮುಖ್ಯ ವಾದ. ಅಕಿಲೀಸನು ಮುನಿದದ್ದು ಶತ್ರುವಿನ ಮೇಲಲ್ಲ, ತನ್ನ ಒಡೆಯ ಅಗಮೆಮ್ನನನ ಮೇಲೆ. ಅಜಾಕ್ಸನದೂ ಹಾಗೆಯೇ.

ಮೆಕ್‌ಲಾಫ್ಲಿನ್ ಅವರ ನಾಟಕ ಇದೇ ಎಳೆಯನ್ನು ಹಿಡಿದಿದೆ. ಅಮೆರಿಕವು 2003ರಲ್ಲಿ ಇರಾಕಿನ ಮೇಲೆ ದಂಡೆತ್ತಿ ಹೋದ ತರುವಾಯ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ರಂಗಶಿಕ್ಷಣ ಪಡೆಯುತ್ತಿದ್ದ ಯುವಕ ಯುವತಿಯರು ಯುದ್ಧದ ಬಗ್ಗೆ ಅಧ್ಯಯನ ಮಾಡಿ, ಸೈನಿಕರನ್ನು ಕಂಡು ಮಾತನಾಡಿಸಿ ಸಂಗ್ರಹಿಸಿದ ಸಾಮಗ್ರಿಯಿಂದ ಈ ನಾಟಕ ಬೆಳೆಯಿತು. ರಂಗದ ಮೇಲೆ ಎರಡು ಕಾಲಗಳು ಅಕ್ಕಪಕ್ಕದಲ್ಲಿ ನಡೆಯುತ್ತವೆ. ಒಂದು ಕಡೆ ಟ್ರಾಯಿನ ಮರಳಿನಲ್ಲಿ ಅಜಾಕ್ಸ್. ಇನ್ನೊಂದು ಕಡೆ ಇರಾಕಿನ ಮರಳಿನಲ್ಲಿ ಏ.ಜೆ. ಎಂಬ ಅಮೆರಿಕದ ಸೈನಿಕಳು. ಹೌದು, ಹೆಣ್ಣು. ಧೈರ್ಯಕ್ಕೆ ಹೆಸರಾದವಳು, ಸಂಗಡಿಗರು ನೆಚ್ಚಿಕೊಂಡವಳು. ಆಗ ಅಮೆರಿಕದ ಸೇನೆಯ ನಿಯಮದಂತೆ ಸ್ತ್ರೀಯರನ್ನು ನೇರ ಕಾಳಗದ ತುಕಡಿಗಳಿಗೆ ಸೇರಿಸುವಂತಿರಲಿಲ್ಲ. ಆ ನಿಷೇಧ ತೆರವಾದದ್ದು 2013ರಲ್ಲಿ. ಆದರೆ ಇರಾಕಿನಲ್ಲಿ ಮುಂಚೂಣಿ ಯಾವುದು ಹಿಂಬದಿ ಯಾವುದು ಎಂಬ ಗೆರೆಯೇ ಇರಲಿಲ್ಲವಾದ್ದರಿಂದ, ಲಾರಿ ಓಡಿಸಲು ಹೋದವಳೂ ಗುಂಡಿನ ಮಳೆಯಲ್ಲಿ ಸಿಲುಕುತ್ತಿದ್ದಳು.

ಅಜಾಕ್ಸನ ಮರ್ಯಾದೆಯನ್ನು ಕಿತ್ತುಕೊಂಡದ್ದು ಒಂದು ತೀರ್ಪು. ಏ.ಜೆ.ಯ ಮರ್ಯಾದೆಯನ್ನು ಕಿತ್ತುಕೊಳ್ಳುವವನು ಅವಳ ಮೇಲಧಿಕಾರಿಯಾದ ಸಾರ್ಜೆಂಟ್. ಮಕ್ಕಳ ಕೈಗೂ ಹೋಗುವ ಪುಟವಿದು, ಆದುದರಿಂದ ಇದಕ್ಕಿಂತ ಬಿಡಿಸಿ ಬರೆಯುವುದಿಲ್ಲ. ದೊಡ್ಡವರಿಗೆ ಅರ್ಥವಾದರೆ ಸಾಕು. ಅವಳ ಬುದ್ಧಿಯೂ ಕದಡುತ್ತದೆ. ಅವಳೂ ಒಂದು ರಾತ್ರಿ ಕುರಿಹಿಂಡಿನ ಮೇಲೆ ಬೀಳುತ್ತಾಳೆ. ಮುಂದಿನದನ್ನು ಓದುಗರು ಊಹಿಸಬಲ್ಲರು.

ನಾಟಕದಲ್ಲಿ ನಮಗೆ ಒಗ್ಗದ ಅಂಶವೂ ಇದೆ. ಅಥೀನಾ ದೇವತೆ ಇಲ್ಲಿ ಪ್ರೇಕ್ಷಕರೊಡನೆ ಇಂದಿನ ಆಡುಮಾತಿನಲ್ಲಿ ಕುಚೋದ್ಯ ಮಾಡುತ್ತ ಸುತ್ತಾಡುತ್ತಾಳೆ. ಯುದ್ಧವನ್ನು ಮೇಲಿನಿಂದ ನೋಡಿ ಆನಂದಿಸುವವರ ಅಣಕವಿದೆಂದು ಬುದ್ಧಿಗೆ ತಿಳಿದರೂ, ಕೆಲವೆಡೆ ಆ ಚಟಾಕಿಗಳು ದುಃಖದ ಭಾರವನ್ನು ಇಳಿಸಿಬಿಡುತ್ತವೆ. ಅದಿರಲಿ. ಲೇಖಕಿ ಮಾಡಿದ ಒಂದು ಕೆಲಸಕ್ಕೆ ನಾವು ಋಣಿಗಳು: ಹಳೆಯ ನಾಟಕವನ್ನು ಮತ್ತೆ ತೆರೆದು ಓದುವಂತೆ ಮಾಡಿದರು.

ತೆರೆದು ಓದಿದಾಗ ಮೊದಲು ಕಣ್ಣಿಗೆ ಬಿದ್ದದ್ದು ನಾಟಕದ ಅಳತೆ. ಸೊಫೋಕ್ಲೀಸನ ಈ ಕೃತಿಯಲ್ಲಿ ಒಟ್ಟು 1,420 ಸಾಲುಗಳು. ನಾಯಕನು ತನ್ನ ಕೊನೆಯ ಮಾತನ್ನಾಡಿ ಮುಗಿಸುವುದು 865ನೆಯ ಸಾಲಿಗೆ. ಇನ್ನುಳಿದ ಐನೂರೈವತ್ತಕ್ಕೂ ಹೆಚ್ಚು ಸಾಲುಗಳಲ್ಲಿ ರಂಗದ ನಡುವೆ ಇರುವುದು ಅವನ ಶವ. ಅದನ್ನು ಹೂಳಬೇಕೋ ಬೇಡವೋ ಎಂಬ ಜಗಳವೇ ನಾಟಕದ ಉತ್ತರಾರ್ಧ. ನಾಯಕ ಸತ್ತ ಮೇಲೆ ನಾಟಕ ಎಳೆದಾಡುತ್ತದೆ, ಎರಡು ತುಂಡಾಗಿ ಒಡೆಯುತ್ತದೆ ಎಂದು ದೂರಿದ ವಿದ್ವಾಂಸರು ಅನೇಕರು. ನಾವೂ ತರುಣರಾಗಿದ್ದಾಗ ಆ ಭಾಗವನ್ನು ಬೇಗಬೇಗ ಮಗುಚಿ ಮುಗಿಸಿದವರೇ.

ಆದರೆ ಸಾವು ನಡೆದ ಮನೆಗೆ ಹೋಗಿ ಬಂದು ಅಭ್ಯಾಸವಾದವರಿಗೆ ಗೊತ್ತು, ಕಷ್ಟವೆಲ್ಲ ಶುರುವಾಗುವುದೇ ಅಲ್ಲಿಂದ ಮುಂದೆ.

ಮೊದಲು ಬರುವವಳು ಟೆಕ್ಮೆಸ್ಸಾ. ಇವಳು ಅಜಾಕ್ಸನು ಯುದ್ಧದಲ್ಲಿ ಗೆದ್ದು ತಂದ ಸೆರೆಯಾಳು. ಅವಳ ತವರನ್ನು ಹಾಳುಗೆಡವಿದವನೇ ಅವಳ ಗಂಡ, ಅವನೇ ಅವಳಿಗಿದ್ದ ಒಂದೇ ಆಸರೆ. ರಾತ್ರಿ ಗುಡಾರದಲ್ಲಿ ಅವನು ಮಾಡಿದ್ದನ್ನೆಲ್ಲ ಕಂಡವಳು ಅವಳು. ಸಾಯಬೇಡ, ನನ್ನ ಗತಿಯೇನು, ಮಗುವಿನ ಗತಿಯೇನು ಎಂದು ಬೇಡಿಕೊಂಡವಳೂ ಅವಳೇ. ಶವವನ್ನು ಮೊದಲು ಕಂಡು, ಯಾರೂ ನೋಡಬಾರದೆಂದು ತನ್ನ ಮೇಲುಹೊದಿಕೆಯಿಂದ ಅದನ್ನು ಮುಚ್ಚುತ್ತಾಳೆ.

ಇದೇ ಟೆಕ್ಮೆಸ್ಸಾಳ ಮಾತನ್ನು 2008ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಹೋಟೆಲೊಂದರಲ್ಲಿ ಸುಮಾರು ನಾನೂರು ಮಂದಿ ಮೆರೀನ್ ಪಡೆಯ ಸೈನಿಕರೂ ಅವರ ಪತ್ನಿಯರೂ ಕುಳಿತು ಕೇಳಿದರು. ಬ್ರಯಾನ್ ಡೋರಿಸ್ ಎಂಬ ತರುಣ ರಂಗನಿರ್ದೇಶಕರು ಗ್ರೀಕ್ ಭಾಷೆಯನ್ನು ಬಲ್ಲವರು. 'ಅಜಾಕ್ಸ್' ಮತ್ತು 'ಫಿಲೊಕ್ಟೀಟಸ್' ನಾಟಕಗಳ ಭಾಗಗಳನ್ನು ತಾವೇ ಭಾಷಾಂತರಿಸಿ, ವೇಷವಿಲ್ಲ, ಪರದೆಯಿಲ್ಲ, ನಟರು ಮೇಜಿನ ಹಿಂದೆ ಕುಳಿತು ಓದುವುದಷ್ಟೇ ಎಂಬ ಏರ್ಪಾಟು ಮಾಡಿದ್ದರು. ಓದಿನ ನಂತರ ಮುಕ್ಕಾಲು ಗಂಟೆಯ ಚರ್ಚೆಯೆಂದು ಗೊತ್ತುಮಾಡಿದ್ದು ಮೂರು ಗಂಟೆ ದಾಟಿತು. ಮೊದಲು ಎದ್ದು ನಿಂತವಳು ಸೈನಿಕನೊಬ್ಬನ ಪತ್ನಿ. ತನ್ನ ಗಂಡ ನಾಲ್ಕು ಬಾರಿ ಯುದ್ಧಕ್ಕೆ ಹೋದನೆಂದೂ, ಪ್ರತಿಬಾರಿಯೂ ಮರಳುವಾಗ ಅಜಾಕ್ಸನ ಹಾಗೆ ಕಣ್ಣಿಗೆ ಕಾಣದ ಹೆಣಗಳನ್ನು ಮನೆಯೊಳಕ್ಕೆ ಎಳೆದು ತಂದನೆಂದೂ ಹೇಳಿದಳು. ಆಕೆ ಬಾಯಿ ಬಿಟ್ಟ ಮೇಲೆ ಗಂಡಸರು ಸರತಿಯಲ್ಲಿ ನಿಂತರು. ಮರುವರ್ಷ ಅಮೆರಿಕದ ರಕ್ಷಣಾ ಇಲಾಖೆಯೇ ಹಣ ಕೊಟ್ಟು ಸೇನಾ ನೆಲೆಗಳಲ್ಲಿ ಇಂತಹ ನೂರು ಪ್ರದರ್ಶನಗಳನ್ನು ಏರ್ಪಡಿಸಿತು. ಸುಮ್ಮನೆ ಅಲ್ಲ: 2012ರಲ್ಲಿ ಆ ದೇಶದ ಸೇವಾನಿರತ ಸೈನಿಕರಲ್ಲಿ 349 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅದೇ ವರ್ಷ ಅಫ್ಘಾನಿಸ್ತಾನದ ಕಾಳಗದಲ್ಲಿ ಮಡಿದ ಅಮೆರಿಕನ್ನರ ಸಂಖ್ಯೆ ಇದಕ್ಕಿಂತ ಕಡಿಮೆ.

ನಾಟಕದಲ್ಲಿ ಇನ್ನೊಂದು ಸಣ್ಣ ಪ್ರಸಂಗವಿದೆ. ಕಾಲ್ಕಾಸ್ ಎಂಬ ಕಾಲಜ್ಞಾನಿ ಅಜಾಕ್ಸನ ತಮ್ಮನನ್ನು ಪಕ್ಕಕ್ಕೆ ಕರೆದು, ದೇವತೆಯ ಕೋಪ ಇರುವುದು ಇವತ್ತೊಂದು ದಿನ ಮಾತ್ರ, ಹೇಗಾದರೂ ಮಾಡಿ ಇವತ್ತು ಅವನನ್ನು ಗುಡಾರದಿಂದ ಹೊರಗೆ ಬಿಡಬೇಡಿ ಎಂದು ತಿಳಿಸುತ್ತಾನೆ. ಸುದ್ದಿ ಹೊತ್ತ ದೂತ ಓಡಿ ಬರುತ್ತಾನೆ. ಅಷ್ಟರಲ್ಲಿ ಅಜಾಕ್ಸ್ ಶಾಂತನಾದವನಂತೆ ಮಾತನಾಡಿ, ಎಲ್ಲರನ್ನೂ ನಂಬಿಸಿ, ಹೊರಟುಹೋಗಿದ್ದಾನೆ. ಎಷ್ಟು ಸಲ ಓದಿದರೂ ಇಲ್ಲಿ ನಮ್ಮ ಓದು ನಿಲ್ಲುತ್ತದೆ. ಒಂದು ದಿನ. ತನ್ನ ಪ್ರಾಣಕ್ಕೆ ಎರವಾಗುವ ಯೋಚನೆ ತೀವ್ರವಾಗಿರುವ ಘಳಿಗೆ ಬಹುಮಟ್ಟಿಗೆ ಅಲ್ಪಕಾಲದ್ದು, ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರು ಇದ್ದರೆ ಅನೇಕರು ಉಳಿಯುತ್ತಾರೆ ಎಂದು ಇಂದಿನ ವೈದ್ಯರು ಹೇಳುವುದೂ ಇದನ್ನೇ. ನಮ್ಮ ದೇಶದಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ಈ ಸಂಖ್ಯೆಯನ್ನು ನಾವು ನಮ್ಮ ದೇವಾಲಯದ ಸೂಚನಾ ಫಲಕದ ಮೇಲೆ ಬರೆಸಿದ್ದೇವೆ. ಅಲ್ಲಿ ಅದೇಕೆ ಎಂದು ಒಬ್ಬಿಬ್ಬರು ಕೇಳಿದ್ದೂ ಉಂಟು.

ಇನ್ನು ಶವದ ಮೇಲಿನ ಜಗಳ. ಅಜಾಕ್ಸನ ಮಲತಮ್ಮ ಟ್ಯೂಸರ್ ಅಂತ್ಯಕ್ರಿಯೆಗೆ ಸಿದ್ಧನಾದಾಗ ಮೆನೆಲಾಸ್ ಬಂದು ತಡೆಯುತ್ತಾನೆ. ಇವನು ದ್ರೋಹಿ, ಹಕ್ಕಿಗಳಿಗೆ ಎಸೆಯಿರಿ ಎಂಬುದು ಅವನ ಆಜ್ಞೆ. ತರುವಾಯ ಅಗಮೆಮ್ನನ್ ಬಂದು ಅದನ್ನೇ ಇನ್ನೂ ಗಡುಸಾಗಿ ಹೇಳುತ್ತಾನೆ. ಶಿಸ್ತು ಉಳಿಯಬೇಕಾದರೆ ಇಂಥವರಿಗೆ ಮರ್ಯಾದೆ ಸಲ್ಲಬಾರದು ಎಂಬ ಅವರ ವಾದ ಕೇಳಲು ಅಸಂಗತವಾಗಿಯೂ ಇಲ್ಲ. ಸ್ನೇಹಿತನ ಶವವನ್ನು ಹೆಗಲ ಮೇಲೆ ಹೊತ್ತು ತಂದವನಿಗೆ ಈಗ ಆರಡಿ ನೆಲವಿಲ್ಲ.

ಪವಿತ್ರ ಗ್ರಂಥದಲ್ಲಿ ಇದರ ಸೋದರ ಕತೆಯೊಂದಿರುವುದು ಓದುಗರಿಗೆ ನೆನಪಾಗಬಹುದು. ಗಿಲ್ಬೋವ ಬೆಟ್ಟದಲ್ಲಿ ಸೋತ ಅರಸ ಸೌಲನೂ ತನ್ನ ಖಡ್ಗದ ಮೇಲೆಯೇ ಬಿದ್ದು ಸತ್ತನು. ಅವನೂ ಅದಕ್ಕೆ ಮೊದಲು ಮನಸ್ಸು ಕೆಟ್ಟು ಬಹುಕಾಲ ನರಳಿದವನು. ಫಿಲಿಷ್ಟಿಯರು ಅವನ ಮೃತದೇಹವನ್ನು ಬೇತ್‌ಷಾನಿನ ಕೋಟೆಗೋಡೆಗೆ ತೂಗುಹಾಕಿದರು. ಹಿಂದೊಮ್ಮೆ ಸೌಲನಿಂದ ರಕ್ಷಣೆ ಪಡೆದಿದ್ದ ಯಾಬೇಷ್ ಗಿಲ್ಯಾದಿನ ಜನ ಅದನ್ನು ಮರೆತಿರಲಿಲ್ಲ. ರಾತ್ರಿಯೆಲ್ಲ ನಡೆದು ಹೋಗಿ, ಆ ದೇಹವನ್ನು ಇಳಿಸಿ ತಂದು, ಎಲುಬುಗಳನ್ನು ಮರವೊಂದರ ಕೆಳಗೆ ಹೂಳಿ, ಏಳು ದಿನ ಉಪವಾಸವಿದ್ದರು. ಸೌಲನಿಂದ ಬೇಟೆಯ ಪ್ರಾಣಿಯಂತೆ ಅಟ್ಟಿಸಿಕೊಂಡಿದ್ದ ದಾವೀದನೇ ದೂತರನ್ನು ಕಳುಹಿಸಿ ಅವರನ್ನು ಹರಸಿದನು. ಸೌಲನು ಸತ್ತ ಬಗೆಯ ಕುರಿತು ಯಾಬೇಷಿನವರು ಚರ್ಚೆ ಮಾಡಿದರೆಂದು ಎಲ್ಲಿಯೂ ಬರೆದಿಲ್ಲ.

ನಾವು ಮಾಡಿದ್ದೇವೆ. 1917ರ ಧರ್ಮಸಭೆಯ ಕಾನೂನು ಸಂಹಿತೆಯಂತೆ, ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ, ಸಾಯುವ ಮುನ್ನ ಪಶ್ಚಾತ್ತಾಪದ ಕುರುಹು ತೋರಿರದಿದ್ದಲ್ಲಿ, ಧರ್ಮಸಭೆಯ ಅಂತ್ಯಸಂಸ್ಕಾರ ಇರಲಿಲ್ಲ. 1983ರ ಹೊಸ ಸಂಹಿತೆ ಅವರ ಹೆಸರನ್ನು ಆ ಪಟ್ಟಿಯಿಂದ ತೆಗೆದುಹಾಕಿತು. 1992ರ ಧರ್ಮೋಪದೇಶ ಗ್ರಂಥವು ಆ ಕೃತ್ಯದ ಘೋರತೆಯನ್ನು ಸಡಿಲಿಸದೆಯೇ, ಮನಸ್ಸಿನ ತೀವ್ರ ಕ್ಷೋಭೆ, ಭಯ, ಯಾತನೆಗಳು ವ್ಯಕ್ತಿಯ ಹೊಣೆಯನ್ನು ಕುಗ್ಗಿಸಬಲ್ಲವೆಂದೂ, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಕೂಡದೆಂದೂ ಬೋಧಿಸಿತು. ಕಾನೂನು ಬದಲಾಯಿತು. ಊರು ಬದಲಾಗಲು ಇನ್ನಷ್ಟು ಕಾಲ ಹಿಡಿಯಿತು.

ನಾವು ಗುರುದೀಕ್ಷೆ ಪಡೆದು ಎರಡು ವರ್ಷವೂ ತುಂಬಿರಲಿಲ್ಲ. ಮಲೆನಾಡಿನ ಅಂಚಿನ ಧರ್ಮಕೇಂದ್ರವೊಂದರಲ್ಲಿ ಸಹಾಯಕ ಗುರುಗಳಾಗಿದ್ದೆವು. ಹದಿನೈದು ವರ್ಷ ಸೇನೆಯಲ್ಲಿದ್ದು ಪಿಂಚಣಿ ಪಡೆದು ಬಂದಿದ್ದ ಒಬ್ಬಾತ ಕಾಫಿತೋಟದಲ್ಲಿ ರೈಟರ್ ಕೆಲಸ ಮಾಡಿಕೊಂಡಿದ್ದ. ಭಾನುವಾರದ ಪೂಜೆಗೆ ಬಂದು ಹಿಂದಿನ ಬಾಗಿಲ ಬಳಿ ನಿಲ್ಲುತ್ತಿದ್ದ, ಒಳಗೆ ಬಂದು ಕೂರುತ್ತಿರಲಿಲ್ಲ. ಕುಡಿತ ಹೆಚ್ಚೆಂದು ಜನ ಹೇಳುತ್ತಿದ್ದರು. ಒಂದು ಮಳೆಗಾಲದ ಬೆಳಿಗ್ಗೆ ಅವನು ತನ್ನ ಕೈಯಾರೆ ಪ್ರಾಣ ಬಿಟ್ಟ ಸುದ್ದಿ ಬಂತು. ಧರ್ಮಕೇಂದ್ರದ ಗುರುಗಳು ಚಿಕಿತ್ಸೆಗೆಂದು ದೂರದ ಊರಿಗೆ ಹೋಗಿದ್ದರು. ಊರಿನ ಹಿರಿಯರು ನಾಲ್ವರು ಬಂದು, "ಸ್ವಾಮಿ, ಇಂಥವರನ್ನು ನಮ್ಮ ಕಾಲದಿಂದಲೂ ಬೇಲಿಯ ಆಚೆಗೇ ಹಾಕೋದು" ಎಂದರು. ಒಳ್ಳೆಯ ಜನ, ದೇವಾಲಯಕ್ಕೆ ಕಲ್ಲು ಹೊತ್ತವರು. ಸಂತ ಥಾಮಸ್ ಅಕ್ವಿನಾಸರು ಆತ್ಮಹತ್ಯೆಯ ವಿರುದ್ಧ ಕೊಟ್ಟ ಮೂರು ಕಾರಣಗಳೂ ನಮಗೆ ಕಂಠಪಾಠವಾಗಿದ್ದವು. ಆ ಹಿರಿಯರಿಗೆ ಏನು ಹೇಳಬೇಕೆಂಬುದು ಮಾತ್ರ ತೋಚಲಿಲ್ಲ. ಧರ್ಮಾಧ್ಯಕ್ಷರ ನಿವಾಸಕ್ಕೆ ಫೋನ್ ಮಾಡಿದೆವು. ಕಾನೂನಿನ ಅಡ್ಡಿಯಿಲ್ಲ, ಸಂಸ್ಕಾರ ಮಾಡಿ ಎಂಬ ಉತ್ತರ ಬಂತು.

ಬೇಲಿಯ ಒಳಗೇ ಹೂಳಿದೆವು. ಆದರೆ ಮೂಲೆಯಲ್ಲಿ, ಕಳ್ಳಿಗಿಡಗಳ ಪಕ್ಕ. ಸಾವಿನ ಗಂಟೆ ಬಾರಿಸುವುದು ಬೇಡವೆಂದು ಹಿರಿಯರು ಪಟ್ಟುಹಿಡಿದಾಗ ನಾವು ಸುಮ್ಮನಾದೆವು. ಮಣ್ಣು ಹಾಕಿ ಹಿಂತಿರುಗುವಾಗ ಅವನ ತಾಯಿ, "ಗಂಟೆ ಯಾಕೆ ಹೊಡೀಲಿಲ್ಲ ಸ್ವಾಮಿ?" ಎಂದು ಕೇಳಿದರು. ಹಗ್ಗ ಕಿತ್ತುಹೋಗಿದೆ ಅಮ್ಮ ಎಂದೆವು. ಹಗ್ಗ ಕಿತ್ತುಹೋಗಿರಲಿಲ್ಲ. ಮರುದಿನ ಬೆಳಿಗ್ಗೆ ಪೂಜೆಗೆ ಅದೇ ಗಂಟೆ ಬಾರಿಸಿತು. ಆಕೆಯ ಮನೆ ದೇವಾಲಯದಿಂದ ಕೂಗಳತೆಯ ದೂರದಲ್ಲಿತ್ತು.

ಇದನ್ನು ಬರೆಯಲು ಇಪ್ಪತ್ತೈದು ವರ್ಷಗಳೇ ಬೇಕಾದವು. ಸೊಫೋಕ್ಲೀಸನ ಉತ್ತರಾರ್ಧವನ್ನು ಈಗ ಎಳೆದಾಟವೆಂದು ಕರೆಯುವ ಧೈರ್ಯ ನಮಗಿಲ್ಲ.

ಆ ಜಗಳವನ್ನು ಬಿಡಿಸುವವನು ಯಾರು? ಅಜಾಕ್ಸನು ಕೊಲ್ಲಲು ಹೊರಟಿದ್ದ ಒಡಿಸ್ಸಿಯಸ್. ನಾಟಕದ ಆರಂಭದಲ್ಲಿ ಅಥೀನಾ ಅವನನ್ನು ಕರೆದು, ನಿನ್ನ ಹಗೆ ಹುಚ್ಚನಾಗಿದ್ದಾನೆ, ನೋಡಿ ನಗು ಎಂದು ಹೇಳಿರುತ್ತಾಳೆ. ಅವನು ನಗುವುದಿಲ್ಲ. ಇವನ ಸ್ಥಿತಿಯಲ್ಲಿ ತನ್ನ ಸ್ಥಿತಿಯೇ ಕಾಣುತ್ತಿದೆ ಎನ್ನುತ್ತಾನೆ. ಕೊನೆಯಲ್ಲಿಯೂ ಅದೇ ಮನಸ್ಸಿನಿಂದ ಬಂದು, ಇವನು ನನಗೆ ಹಗೆಯೇ ಆಗಿದ್ದ, ಆದರೂ ಅಕಿಲೀಸನನ್ನು ಬಿಟ್ಟರೆ ನಮ್ಮಲ್ಲಿ ಇವನಷ್ಟು ದೊಡ್ಡವನಿರಲಿಲ್ಲ, ಸತ್ತವನಿಗೆ ಮಣ್ಣು ನಿರಾಕರಿಸುವುದು ದೈವದ ಕಟ್ಟಳೆಯನ್ನೇ ಮುರಿದಂತೆ ಎಂದು ಅಗಮೆಮ್ನನನ ಮುಂದೆ ವಾದಿಸುತ್ತಾನೆ. ನಾಳೆ ತನಗೂ ಆ ಮಣ್ಣಿನ ಅಗತ್ಯ ಬೀಳುತ್ತದೆಂದು ಸೇರಿಸಲೂ ಮರೆಯುವುದಿಲ್ಲ. ಅಗಮೆಮ್ನನ್ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪುತ್ತಾನೆ. ಗುಂಡಿ ತೋಡಲು ತಾನೂ ಕೈಹಚ್ಚುವೆನೆಂದು ಒಡಿಸ್ಸಿಯಸ್ ಕೇಳಿದಾಗ, ಟ್ಯೂಸರ್ ಅವನಿಗೆ ಕೃತಜ್ಞತೆ ಹೇಳಿಯೂ ಶವವನ್ನು ಮುಟ್ಟಬೇಡವೆನ್ನುತ್ತಾನೆ; ಸತ್ತವನಿಗೆ ಅದು ಇಷ್ಟವಾಗಲಾರದು. ಒಡಿಸ್ಸಿಯಸ್ ಬೇಸರಿಸದೆ ಪಕ್ಕಕ್ಕೆ ಸರಿಯುತ್ತಾನೆ. ಕ್ಷಮೆ ಕೇಳಿದ ಕೂಡಲೇ ಎಲ್ಲರೂ ಅಪ್ಪಿಕೊಂಡುಬಿಡುವ ಸಿನಿಮಾದ ಮುಕ್ತಾಯ ಇದಲ್ಲ. ಚಿಕ್ಕ ಮಗು ತಂದೆಯ ದೇಹದ ಒಂದು ಬದಿಗೆ ಕೈ ಕೊಡುತ್ತದೆ. ಎಲ್ಲರೂ ಹೊರಡುತ್ತಾರೆ.

ಇದನ್ನೆಲ್ಲ ಆ ನರ್ಸ್ ಹುಡುಗಿಯ ತಾಯಿಗೆ ನಮ್ಮ ಮಾತಿನಲ್ಲಿ ಹೇಳಿದೆವು. ಅವರು ಸೊಪ್ಪು ಬಿಡಿಸುತ್ತ ಕೇಳಿದರು. ಏ.ಜೆ.ಯ ಕತೆಗಿಂತ ಟೆಕ್ಮೆಸ್ಸಾಳ ಕತೆಯೇ ಅವರ ಮನಸ್ಸಿಗೆ ಹಿಡಿಯಿತು. "ಆ ಹೆಂಗಸು ಮಗೂನ ಕಟ್ಟಿಕೊಂಡು ಆಮೇಲೆ ಎಲ್ಲಿಗೆ ಹೋದಳು ಸ್ವಾಮಿ?" ಎಂದು ಕೇಳಿದರು. ನಾಟಕ ಅದನ್ನು ಹೇಳುವುದಿಲ್ಲ.

ಬರುವ ನವೆಂಬರ್ ತಿಂಗಳಲ್ಲಿ, ಮೃತರ ಸ್ಮರಣೆಯ ದಿನ ಕಳೆದ ಮೊದಲ ಶನಿವಾರ ಸಂಜೆ, ನಮ್ಮ ಧರ್ಮಕೇಂದ್ರದ ಯುವಕ ಯುವತಿಯರು ಸಭಾಭವನದಲ್ಲಿ ಈ ನಾಟಕದ ಉತ್ತರಾರ್ಧವನ್ನು ಓದಲಿದ್ದಾರೆ. ಶ್ರೀಯವರ 'ಅಶ್ವತ್ಥಾಮನ್' ನಾಟಕದ ಹಳಗನ್ನಡದ ಛಾಯೆಯ ಭಾಷೆ ಇವರ ನಾಲಗೆಗೆ ಹೊರಳದಾದ್ದರಿಂದ, ಗ್ರೀಕ್ ನಾಟಕದ ಆ ಭಾಗವನ್ನು ನಾವೇ ಇಂಗ್ಲಿಷ್ ಅನುವಾದಗಳ ನೆರವಿನಿಂದ ಆಡುಗನ್ನಡಕ್ಕೆ ಇಳಿಸುತ್ತಿದ್ದೇವೆ. ವೇಷಭೂಷಣವಿಲ್ಲ, ಮೇಜು ಕುರ್ಚಿಗಳಷ್ಟೇ. ಟೆಕ್ಮೆಸ್ಸಾಳ ಮಾತುಗಳನ್ನು ಓದಲು ಪದವಿ ತರಗತಿಯ ಹುಡುಗಿಯೊಬ್ಬಳು ಒಪ್ಪಿದ್ದಾಳೆ. ಅಗಮೆಮ್ನನನಾಗಲು ಮಾತ್ರ ಯಾರೂ ಮುಂದೆ ಬಾರದ್ದರಿಂದ ಅದು ನಮ್ಮ ಪಾಲಿಗೇ ಬಂದಿದೆ. ಸುತ್ತಲಿನ ಊರುಗಳಲ್ಲಿ ಸೇನೆಯಿಂದ ನಿವೃತ್ತರಾದವರು ಹನ್ನೊಂದು ಮಂದಿ ಇದ್ದಾರೆ. ಯಾವ ಧರ್ಮದವರೆಂದು ನೋಡದೆ ಎಲ್ಲರ ಮನೆಗೂ ಹೋಗಿ ಕುಟುಂಬ ಸಮೇತ ಬರಬೇಕೆಂದು ಕರೆದು ಬಂದೆವು. ಕೆಲವರು ನೋಡೋಣವೆಂದರು. ಒಬ್ಬರು, ಎಪ್ಪತ್ತು ದಾಟಿದವರು, 1971ರ ಯುದ್ಧ ಕಂಡವರು, ಗೇಟಿನವರೆಗೂ ನಮ್ಮನ್ನು ಕಳುಹಿಸಲು ಬಂದು, "ಬರ್ತೀನಿ ಸ್ವಾಮಿ. ಆದರೆ ನನ್ನನ್ನ ಮಾತಾಡು ಅಂತ ಎಬ್ಬಿಸಬಾರದು" ಎಂದರು. ಎಬ್ಬಿಸುವುದಿಲ್ಲ, ಬನ್ನಿ ಎಂದು ಹೇಳಿ ಬಂದಿದ್ದೇವೆ.